ಇಮ್ಮಡಿ ಸಂಚಕಾರ

ಗೋಡೆಗೆ ಡಿಕ್ಕಿ ಹೊಡೆಯುವುದು ನನ್ನ ಕೆಲಸ. ಪುಣೆಯ ಖರಾಡಿಯಲ್ಲಿ ಒಂದು ಗಾಜಿನ ಕಟ್ಟಡದ ಆರನೆಯ ಮಹಡಿಯಲ್ಲಿ ಕುಳಿತು, ಇನ್ನೂ ಮಾರುಕಟ್ಟೆಗೆ ಬಾರದ ವಿಡಿಯೋ ಗೇಮುಗಳ ಒಳಹೊಕ್ಕು, ಅಲ್ಲಿನ ಪ್ರತಿ ಗೋಡೆ, ಪ್ರತಿ ಬಾಗಿಲು, ಪ್ರತಿ ಮೆಟ್ಟಿಲಿಗೂ ಹೋಗಿ ತಾಗಿ ನೋಡುತ್ತೇನೆ. ಗೋಡೆ ತಡೆದರೆ ಸರಿ. ತಡೆಯದೆ ಆಚೆಗೆ ಬೀಳಿಸಿದರೆ ಅದನ್ನು ಬರೆದು ಕಳಿಸಬೇಕು. ಆಟ ಕಟ್ಟುವವರು ಯಾವುದೋ ದೇಶದಲ್ಲಿರುತ್ತಾರೆ, ತಪ್ಪು ಹುಡುಕುವ ಕೂಲಿ ನಮ್ಮದು. ದಿನವಿಡೀ ಆಟ ಆಡಿಯೇ ಪಗಾರ ಎಣಿಸುತ್ತಾನೆ ಎಂದು ನೆಂಟರು ಮದುವೆಮನೆಗಳಲ್ಲಿ ನಗುತ್ತಾರೆ. ಒಂದೇ ಮೆಟ್ಟಿಲನ್ನು ನಾನೂರು ಸಲ ಹತ್ತಿ ಇಳಿದು ನೋಡಲಿ, ಆಮೇಲೆ ನಗಲಿ.

ನಗದವಳು ಅಕ್ಕ ಒಬ್ಬಳೇ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ಹೋದಳು, ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ನಾನು ಆಟದ ಹುಚ್ಚಿನಲ್ಲಿ ಹನ್ನೆರಡನೆಯ ತರಗತಿ ಫೇಲಾದಾಗ ಅಪ್ಪ ಬೆಲ್ಟು ಬಿಚ್ಚಿದ್ದ. ದೌಂಡದ ಗಂಡನ ಮನೆಯಿಂದ ಓಡಿಬಂದ ಅಕ್ಕ ನಡುವೆ ನಿಂತು, “ಆಡ್ಲಿ ಬಿಡಪ್ಪಾ, ಆ ಆಟದಾಗ ಅವನ ಅನ್ನ ಇದ್ದೀತು” ಅಂದಳು. ಅಪ್ಪನಿಗೆ ನಗು ಬಂತು, ಬೆಲ್ಟು ಮೊಳೆಗೆ ಹೋಯಿತು. ಅವಳು ಅಂದ ಹಾಗೆಯೇ ಆಯಿತು. ಅವಳ ಅನ್ನ ಅದರಲ್ಲೇ ಹೋಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ಮುಂದಿನದು ತಿಳಿಯಬೇಕಾದರೆ ಅಪ್ಪನ ಕಸುಬಿನ ಒಂದು ಮಾತು ಹೇಳಬೇಕು. ಅಪ್ಪ ಇಂಡಿ ಕಡೆಯಿಂದ ಪುಣೆಗೆ ಬಂದು ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿಯ ಗುಮಾಸ್ತನಾಗಿದ್ದ. ಅಲ್ಲಿ ಯಾರೂ ಬೆಲ್ಲದ ಪೆಂಟಿಯನ್ನು ಹೊರಗಿನಿಂದ ನೋಡಿ ಕೊಳ್ಳುತ್ತಿರಲಿಲ್ಲ. ಒಡೆದು, ಒಳಗಿನ ಚೂರನ್ನು ನಾಲಗೆಗೆ ಹಚ್ಚಿಕೊಂಡು, ಆಮೇಲೆ ದರ ಮಾತಾಡುವುದು. ದರ ಕುದುರಿದರೆ ಕೊಳ್ಳುವವನು ಒಂದಿಷ್ಟು ದುಡ್ಡನ್ನು ಮುಂಗಡವಾಗಿ ಕೈಯಲ್ಲಿಟ್ಟು ಮಾತು ಗಟ್ಟಿ ಮಾಡುತ್ತಿದ್ದ. ಅದಕ್ಕೆ ಸಂಚಕಾರ ಎನ್ನುತ್ತಿದ್ದರು. ಕೊಳ್ಳುವವನು ತಪ್ಪಿದರೆ ಆ ದುಡ್ಡು ಹೋಯಿತು. ಸಂಚಕಾರ ಹಿಡಿದ ಮೇಲೆ ಮಾರುವವನು ತಪ್ಪಿದರೆ ಇಮ್ಮಡಿ ಮಾಡಿ ತಿರುಗಿ ಕೊಡಬೇಕು. ಹಾಗೆ ಇಮ್ಮಡಿ ಕೊಟ್ಟ ಮೇಲೆ ಒಬ್ಬರು ಇನ್ನೊಬ್ಬರ ಅಂಗಡಿಯ ಮೆಟ್ಟಿಲು ತುಳಿಯುತ್ತಿರಲಿಲ್ಲ. “ಇಮ್ಮಡಿ ಕೊಟ್ರ ಋಣ ಹರೀತು” ಎನ್ನುತ್ತಿದ್ದ ಅಪ್ಪ. ನಾವಿಬ್ಬರೂ ಅದನ್ನು ಮಗ್ಗಿಯ ಹಾಗೆ ಕೇಳಿಕೊಂಡು ಬೆಳೆದೆವು.

ನಾವಿಬ್ಬರೂ ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮನೆಗೆ ಮತ್ತು ಅಪ್ಪನ ಅಂಗಡಿಗೆ ಮಾತ್ರ. ಅಕ್ಕನಿಗೆ ಇವತ್ತಿಗೂ ಕನ್ನಡ ಅಕ್ಷರ ಬಾರದು. ಅವಳ ಮದುವೆಯಾದ ಮೇಲೆ ಅಪ್ಪನ ಕಣ್ಣು ಮಂಜಾಯಿತು. ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಕನ್ನಡ ಪೇಪರನ್ನು ಓದಿ ಹೇಳಲು ನಾನು ಅವನ ಹತ್ತಿರವೇ ಅಕ್ಷರ ಕಲಿತೆ. ಒಂದು ದಿನ “ಕುಡಿಯುವ ನೀರಿಗೆ ಸಂಚಕಾರ” ಎಂದು ತಲೆಬರಹ ಓದಿದೆ. ಅಪ್ಪ ಬೀಡಿ ಬಾಯಿಂದ ತೆಗೆದು, “ನೀರಿಗಿ ಸಂಚಕಾರ ಯಾರ್ ಕೊಟ್ರೊ?” ಅಂದ. ಇಲ್ಲಿ ಸಂಚಕಾರ ಅಂದರೆ ಕೇಡು, ಅಪಾಯ ಎಂದು ಸುದ್ದಿ ಪೂರ್ತಿ ಓದಿ ತಿಳಿಸಿ ಹೇಳಿದೆ. ಬೆಂಗಳೂರಿನವರು ನಮ್ಮ ಶಬ್ದವನ್ನು ಕೆಡಿಸಿದ್ದಾರೆ ಎಂದು ಅವನು ಎರಡು ದಿನ ಗೊಣಗಿದ. ಒಂದೇ ಶಬ್ದ ಪೇಪರಿನಲ್ಲಿ ಕೇಡು, ನಮ್ಮ ಮನೆಯಲ್ಲಿ ಮುಂಗಡ. ಇದು ನನಗೆ ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ನಾನು ಅದನ್ನು ಮರೆತಿದ್ದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ದೌಂಡದ ಹತ್ತಿರ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಹದಿನಾರು ವರ್ಷ ದುಡಿದರು. ಶ್ವಾಸಕೋಶ ಕೆಟ್ಟು ಮನೆಗೆ ಬಂದರು. ಈಗ ಅಂಗಳದಿಂದ ಹೊಸ್ತಿಲಿಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಾರೆ. ಬಿಟ್ಟು ಬರುವಾಗ ಸಿಕ್ಕ ದುಡ್ಡಿನಲ್ಲಿ ಅಕ್ಕ ದೌಂಡ ಸ್ಟೇಷನ್ನಿನ ಪಕ್ಕದ ಓಣಿಯಲ್ಲಿ ಆಟದ ಅಂಗಡಿ ತೆರೆದಳು. ಟಿವಿಗೆ ಜೋಡಿಸಿ ಆಡುವ ಹಳೆಯ ಮಾದರಿಯ ಆರು ಕನ್ಸೋಲು, ಆರು ಟಿವಿ, ಗಂಟೆಗಿಷ್ಟು ಎಂದು ದರ. ಕಪಾಟಿನಲ್ಲಿ ಮಾರುವುದಕ್ಕೆ ಆಟದ ಡಿಸ್ಕುಗಳು. ಇದನ್ನು ಮಾಡು ಎಂದು ಹೇಳಿದವನೂ ನಾನೇ. ರೈಲ್ವೆಯವರು, ಪಾಳಿ ಮುಗಿಸಿದ ಕುರಕುಂಭದ ಕೆಲಸಗಾರರು, ಸೊಲ್ಲಾಪುರದ ಗಾಡಿಗೆ ಕಾಯುವವರು ಬರುತ್ತಿದ್ದರು. ಅಕ್ಕ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಅವರೆಕಾಯಿ ಸುಲಿಯುತ್ತ, ಯಾರು ಯಾವ ಹಂತದಲ್ಲಿ ಸೋತರು ಎಂದು ಟಿವಿ ನೋಡದೆಯೇ ಹೇಳುತ್ತಿದ್ದಳು. ಹಿಂದಿನ ಕಂಪನಿ ಮುಚ್ಚಿ ನಾನು ಏಳು ತಿಂಗಳು ಕೆಲಸವಿಲ್ಲದೆ ಕುಳಿತಾಗ ಊಟ ಮಾಡಿದ್ದು ಆ ಅಂಗಡಿಯ ದುಡಿಮೆಯಲ್ಲಿ.

ಆ ಆಟದ ಜಾಹೀರಾತು ಬಂದದ್ದು ದೀಪಾವಳಿಯ ಹೊತ್ತಿಗೆ. ಹೆಸರು ಬೇಡ, ಅದರ ಹೆಸರು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಒಬ್ಬ ಕುದುರೆ ಸವಾರ ಗಿಜಿಗುಡುವ ಪೇಟೆಯ ನಡುವೆ ಓಡುತ್ತಾನೆ. ಬಟ್ಟೆ ಅಂಗಡಿಯ ಪರದೆಗಳು ಹಾರುತ್ತವೆ, ಮಂದಿ ಚೆದುರಿ ಬೈಯುತ್ತಾರೆ, ಕುದುರೆಯ ಬೆವರು ಹೊಳೆಯುತ್ತದೆ. ಮೂರು ನಿಮಿಷ. ಅಕ್ಕನ ಅಂಗಡಿಯಲ್ಲಿ ಆರೂ ಟಿವಿಗಳಲ್ಲಿ ಅದನ್ನೇ ಹಾಕಿಕೊಂಡು ಎಲ್ಲರೂ ಬಾಯಿ ತೆರೆದು ನಿಂತಿದ್ದೆವು. ಆಗ ನಾನು ಎದೆಯುಬ್ಬಿಸಿ, ಈ ಆಟದ ಕೆಲಸ ನಮ್ಮ ಕಂಪನಿಗೇ ಬರುವುದಿದೆ, ನಾನೇ ನೋಡುವವನು ಎಂದುಬಿಟ್ಟೆ. ಹಾಗೆ ಹೇಳಬಾರದೆಂದು ನಾವು ಸಹಿ ಮಾಡಿಕೊಟ್ಟಿರುತ್ತೇವೆ. ಆದರೆ ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಕಡೆ ತಿರುಗಿದ್ದು ಜೀವನದಲ್ಲಿ ಅದೇ ಮೊದಲು. ಅಕ್ಕ ಎದ್ದು ಬಂದು ನನ್ನ ಕೆನ್ನೆ ತಟ್ಟಿದಳು.

ನಾನೂ ಮರುಳಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆಟ ಬರಲು ಇನ್ನೂ ಒಂದು ವರ್ಷವಿರುವಾಗಲೇ ಆನ್‌ಲೈನಿನಲ್ಲಿ ಪೂರ್ತಿ ಹಣ ಕಟ್ಟಿ ಅತಿ ದುಬಾರಿಯ ಪ್ರತಿ ಕಾದಿರಿಸಿದೆ. ಬೇಗ ಕಟ್ಟಿದವರಿಗೆ ಕುದುರೆಗೆ ಹಾಕುವ ಬಂಗಾರದ ಜೀನು ಉಚಿತ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ. ನಮ್ಮದು ಅದಕ್ಕೂ ಒಂದು ಕೈ ಮೇಲು, ಕುಲಾವಿ ಕೂಡ ಚಿತ್ರದಲ್ಲಿತ್ತು. ಸ್ವಲ್ಪ ತಾಳಿ, ಆಟ ಬಂದ ಮೇಲೆ ನೋಡಿ ಕೊಳ್ಳಿ ಎಂದು ಯಾರಾದರೂ ಬರೆದರೆ ನಾನು ಸುಳ್ಳು ಹೆಸರಿನಲ್ಲಿ ಅವರ ಮೇಲೆ ಬೀಳುತ್ತಿದ್ದೆ. ಒಬ್ಬನನ್ನಂತೂ ನಾವು ಹತ್ತು ಮಂದಿ ಸೇರಿ ಬೈದು ಅವನ ಖಾತೆ ಮುಚ್ಚಿಸಿದೆವು. ಬೆಲ್ಲದ ಪೆಂಟಿ ಒಡೆದು ನೋಡುವವನ ಮಗ ನಾನು. ಅಪ್ಪ ಬದುಕಿದ್ದರೆ ಮೊಳೆಯ ಮೇಲಿನ ಬೆಲ್ಟು ಮತ್ತೆ ಇಳಿಯುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಆಟ ನಿಜಕ್ಕೂ ನಮ್ಮ ಮಹಡಿಗೆ ಬಂತು. ಹಳೆಯ ಮಾದರಿಯ ಕನ್ಸೋಲುಗಳಲ್ಲಿ ಅದು ಹೇಗೆ ಓಡುತ್ತದೆ ಎಂದು ನೋಡುವುದು ನಮ್ಮ ಪಾಲಿಗೆ ಬಂದ ಕೆಲಸ. ಮೊದಲ ದಿನ ನಾನು ಆ ಪೇಟೆಯನ್ನು ಹುಡುಕಿಕೊಂಡು ಹೋದೆ. ಪೇಟೆ ಇತ್ತು, ಮಂದಿ ಇರಲಿಲ್ಲ. ಮೂವರು ವ್ಯಾಪಾರಿಗಳು ಅಂಗಡಿಯ ಹೊರಗೆ ಗಾಳಿಯಲ್ಲಿ ಕುಳಿತಿದ್ದರು, ಕೆಳಗೆ ಕುರ್ಚಿ ಇಲ್ಲ. ಕುದುರೆ ನಾಲ್ಕು ಹೆಜ್ಜೆ ಓಡಿ ಕುತ್ತಿಗೆಯ ತನಕ ನೆಲದಲ್ಲಿ ಹೂತುಕೊಂಡಿತು. ಐವತ್ತು ನಿಮಿಷಕ್ಕೆ ಯಂತ್ರ ಕಾದು ಬಂದ್ ಆಯಿತು. ಮತ್ತೆ ಹಚ್ಚಿದರೆ ಅಷ್ಟು ಹೊತ್ತು ಆಡಿದ್ದೆಲ್ಲ ಅಳಿಸಿಹೋಗಿತ್ತು. ಜಾಹೀರಾತಿನ ಆ ಮೂರು ನಿಮಿಷ ಆಟದಲ್ಲಿ ಇರಲೇ ಇಲ್ಲ, ಅದನ್ನು ತೋರಿಸುವುದಕ್ಕೆಂದೇ ಬೇರೆ ಮಾಡಿದ್ದರು. ಅಪ್ಪ ಹೇಳುತ್ತಿದ್ದ ಮೋಸದ ಅಡತಿಯಲ್ಲಿ ತೋರಿಸುವ ಪೆಂಟಿ ಒಂದು, ತೂಗುವ ಪೆಂಟಿ ಇನ್ನೊಂದು ಇರುತ್ತಿತ್ತಂತೆ.

ಬರೆದೆ. ದಿನಕ್ಕೆ ಮೂವತ್ತು, ನಲವತ್ತು ತಪ್ಪು ಬರೆದೆ. ಎಲ್ಲವೂ “ಗೊತ್ತಿರುವ ದೋಷ, ಆಮೇಲೆ ನೋಡಲಾಗುವುದು” ಎಂಬ ಒಂದೇ ಉತ್ತರ ಹೊತ್ತು ತಿರುಗಿ ಬಂದವು. ಬಿಡುಗಡೆಯ ದಿನ ಮಾತ್ರ ಅಲುಗಾಡಲಿಲ್ಲ, ಯಾಕೆಂದರೆ ಜಗತ್ತಿನ ತುಂಬ ಜನ ಆಗಲೇ ದುಡ್ಡು ಕಟ್ಟಿಯಾಗಿತ್ತು. ಕಟ್ಟಿದವರಲ್ಲಿ ನಾನೂ ಒಬ್ಬ. ಮಾಲು ನೋಡದೆ ದುಡ್ಡು ಕೊಡುವವರು ಇಷ್ಟು ಜನ ಇರುವಾಗ ಮಾಲು ಸರಿ ಮಾಡುವ ಅವಸರ ಯಾರಿಗಿರುತ್ತದೆ? ನಮ್ಮ ತಂಡದ ಹಿರಿಯ ಬೆಂಗಳೂರಿನವನು, ಕೆಟ್ಟವನಲ್ಲ. ನನ್ನ ಮುಖ ನೋಡಿ ಚಹಾಕ್ಕೆ ಕರೆದುಕೊಂಡು ಹೋದ. “ರಿಲೀಸ್ ದಿನ ತಿದ್ದುಪಡಿ ಪ್ಯಾಚ್ ಬರತ್ತೆ, ಅದ್ರಲ್ಲಿ ಎಲ್ಲಾ ಫಿಕ್ಸ್ ಆಗತ್ತೆ ಅಂತಿದಾರಲ್ಲ, ಬಿಡು. ಹೊರಗೆ ಒಂದ್ ಮಾತು ಹೋದ್ರೂ ನಿನ್ ಕೆಲಸಕ್ಕೇ ಸಂಚಕಾರ ಬರತ್ತೆ, ನೋಡ್ಕೋ” ಅಂದ. ಆ ಶಬ್ದ ನನ್ನ ಕಿವಿಯಲ್ಲಿ ಕುಳಿತದ್ದು ಹಾಗೆ.

ಅದೇ ವಾರ ಅಕ್ಕನ ಫೋನು ಬಂತು. ಪುಣೆಯ ಒಬ್ಬ ಸಗಟು ವ್ಯಾಪಾರಿ ಅವಳ ಅಂಗಡಿಗೆ ಬಂದಿದ್ದನಂತೆ. ಈ ಆಟದ ಇಷ್ಟು ಡಿಸ್ಕುಗಳಿಗೆ ಮೊದಲೇ ಪೂರ್ತಿ ಹಣ ಕಟ್ಟಿದರೆ ದೌಂಡಕ್ಕೆಲ್ಲ ನೀವೊಬ್ಬರೇ, ಬಾಗಿಲಿಗೆ ನಿಲ್ಲಿಸಲು ಆಳೆತ್ತರದ ರಟ್ಟಿನ ಸವಾರ ಬೇರೆ, ಆದರೆ ಮಾಲು ತಿರುಗಿ ತೆಗೆದುಕೊಳ್ಳುವುದಿಲ್ಲ ಎಂದನಂತೆ. ಕಟ್ಟಬೇಕಾದದ್ದು ಮಾಮಾನ ಹೆಸರಿನಲ್ಲಿ ಅವಳು ಬ್ಯಾಂಕಿನಲ್ಲಿಟ್ಟ ಕೊನೆಯ ದುಡ್ಡು. ಗಿರಾಕಿಗಳಿಂದ ಅವಳು ಸಂಚಕಾರ ಹಿಡಿದು ಅದನ್ನು ತುಂಬಿಕೊಳ್ಳಬಹುದು. ಬಂದು ನೋಡಿ ಹೇಳು, ನಿನ್ನ ಮಾತಿನ ಮೇಲೆ ಮಾಡುತ್ತೇನೆ ಅಂದಳು. ಭಾನುವಾರ ಬರುತ್ತೇನೆ ಎಂದೆ.

ಹಡಪಸರದಲ್ಲಿ ರೈಲು ಹತ್ತಿ ದೌಂಡ ಮುಟ್ಟುವ ತನಕ ನಾನು ಒಂದು ವಾಕ್ಯವನ್ನು ಹುಡುಕುತ್ತಿದ್ದೆ. “ಬ್ಯಾಡಕ್ಕಾ” ಎಂದರೆ ಮುಗಿಯುತ್ತಿತ್ತು. ತಮ್ಮ ಅಕ್ಕನಿಗೆ ಬೇಡ ಎನ್ನಬಾರದೆಂದು ಯಾವ ಕಂಪನಿಯೂ ಸಹಿ ಹಾಕಿಸಿಕೊಂಡಿಲ್ಲ. ಆದರೆ ಅವಳು ಯಾಕೆ ಎಂದು ಕೇಳುತ್ತಾಳೆ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಗಿರಾಕಿಗಳಿಗೆ ಹೇಳುತ್ತಾಳೆ. ಅವರಲ್ಲೊಬ್ಬ ಅದನ್ನು ಮೊಬೈಲಿನಲ್ಲಿ ಬರೆಯುತ್ತಾನೆ. ದೌಂಡದ ಆಟದಂಗಡಿಯವಳ ತಮ್ಮ ಯಾರು ಎಂದು ಹುಡುಕುವುದು ಎಷ್ಟು ಹೊತ್ತಿನ ಕೆಲಸ? ಮತ್ತೆ ಏಳು ತಿಂಗಳು ಮನೆಯಲ್ಲಿ ಕೂರುವುದು ನನ್ನಿಂದಾಗದು ಅನಿಸಿತು. ಕಬ್ಬಿನ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ನನಗೆ ಅವಳೂ ಉಳಿಯಬೇಕಿತ್ತು, ಕೆಲಸವೂ ಉಳಿಯಬೇಕಿತ್ತು.

ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಮಾಮಾ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ವ್ಯಾಪಾರಿಯ ಕಾಗದ ಗಲ್ಲಾಪೆಟ್ಟಿಗೆಯ ಮೇಲಿತ್ತು, ಸಹಿಯೊಂದು ಬಾಕಿ. ಅಕ್ಕ ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು.

“ನೀ ಒಳಗಿಂದ ನೋಡೀದಿ. ಹೇಳು ತಮ್ಮಾ, ತಗೊಳ್ಳಲೇನು?”

“ಈ ಆಟದಿಂದ ಭಾಳ ಸಂಚಕಾರ ಬರ್ತದಕ್ಕಾ” ಎಂದೆ. “ವಿಚಾರ ಮಾಡಿ ತಗೋ.”

ಅಕ್ಕ ನಕ್ಕಳು. ಅವಳ ಇಡೀ ಮುಖ ನಕ್ಕಿತು. ಮಾಮಾನ ಕಡೆ ತಿರುಗಿ, “ಕೇಳಿದ್ರೇನ್ರಿ, ಭಾಳ ಸಂಚಕಾರ ಬರ್ತದಂತ” ಅಂದಳು. ಮಾಮಾ ಕೂಡ ಉಸಿರು ಹಿಡಿದುಕೊಂಡು ನಕ್ಕರು. ಅವಳು ಕೇಳಿಸಿಕೊಂಡದ್ದು ಅಪ್ಪನ ಸಂಚಕಾರ. ನಾನು ಹೇಳಿದ್ದು ಪೇಪರಿನ ಸಂಚಕಾರ. ಹೇಳಿದ ಆ ಕ್ಷಣದಲ್ಲೇ ಇದು ನನಗೆ ತಿಳಿಯಿತು. ತಿದ್ದುವುದಕ್ಕೆ ಸಮಯ ಬೇಕಾದಷ್ಟಿತ್ತು. ಅವಳು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು, ಅಷ್ಟು ಹೊತ್ತೂ ನಾನು ಆ ಕಾಗದವನ್ನೇ ನೋಡುತ್ತ ಕುಳಿತಿದ್ದೆ. ಚಹಾ ಕುಡಿದೆ.

ಅವಳು ಸಹಿ ಮಾಡಿ ಅಂಗೈ ಚಾಚಿದಳು. ಬೋಣಿ ನಿನ್ನದೇ ಆಗಲಿ, ಮೊದಲ ಸಂಚಕಾರ ನೀನೇ ಕೊಡು ಎಂದಳು. ನೂರರ ನೋಟು, ಮೇಲೊಂದು ರೂಪಾಯಿ ಇಟ್ಟೆ. ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿ ಹಾಕಿದಳು. ತಿರುಗಿ ಬರುವ ಗಾಡಿಯಲ್ಲಿ, ನಾನು ಹೇಳಬೇಕಾದ್ದನ್ನು ಹೇಳಿದ್ದೇನೆ, ಅರ್ಥ ಮಾಡಿಕೊಳ್ಳದಿದ್ದರೆ ಅದು ಅವಳ ಪಾಡು ಎಂದು ಲೋಣಿ ಸ್ಟೇಷನ್ನಿನ ತನಕ ಸಮಾಧಾನ ಮಾಡಿಕೊಂಡೆ. ಲೋಣಿ ದಾಟಿದ ಮೇಲೆ ಅದು ಸಾಲದಾಯಿತು. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎನ್ನುತ್ತಾರಲ್ಲ, ನಾನು ಇಟ್ಟದ್ದು ಅಕ್ಕ ಕತ್ತಲಲ್ಲಿದ್ದ ಕಡೆಗೆ ಬೆಳಕು ಬೀಳದ ಹಾಗೆ ಲೆಕ್ಕ ಹಾಕಿ ಇಟ್ಟ ದೀಪ.

ಬಿಡುಗಡೆಗೆ ಐದು ವಾರ ಇದ್ದವು. ಪ್ರತಿ ಭಾನುವಾರ ಅವಳು ಫೋನು ಮಾಡಿ ಯಾರು ಯಾರು ಸಂಚಕಾರ ಕೊಟ್ಟರು ಎಂದು ಹೇಳುತ್ತಿದ್ದಳು. ರೈಲ್ವೆಯ ಪಾಯಿಂಟ್ಸ್‌ಮನ್, ಮೂಲೆಯ ದರ್ಜಿ, ಕುರಕುಂಭದ ಒಂದು ಪಾಳಿಯ ಒಂಬತ್ತು ಮಂದಿ. ತಾಈ, ನಿಮ್ಮ ತಮ್ಮ ಅಲ್ಲೇ ಇದ್ದಾನಲ್ಲ ಎಂದು ಅವರು ಮರಾಠಿಯಲ್ಲಿ ಕೇಳುತ್ತಿದ್ದರಂತೆ, ಅವಳು ಹೌದು, ಅವನೇ ಹೇಳಿದ್ದು ಎನ್ನುತ್ತಿದ್ದಳಂತೆ. ಕೋಟಿಗಟ್ಟಲೆ ಸುರಿದು ಮಾಡಿದ ಜಾಹೀರಾತು ದೌಂಡದಲ್ಲಿ ಯಾರನ್ನೂ ಪೂರ್ತಿ ನಂಬಿಸಿರಲಿಲ್ಲ. ನಂಬಿಸಿದ್ದು ನಾನು. ಐದು ಭಾನುವಾರವೂ ಬಾಯಿ ತೆರೆದೆ, ಐದು ಸಲವೂ ಊಟ ಆಯಿತೇನಕ್ಕಾ ಎಂದು ಕೇಳಿ ಫೋನು ಇಟ್ಟೆ. ಆಫೀಸಿನಲ್ಲಿ ಕುದುರೆ ಕುತ್ತಿಗೆಯ ತನಕ ಹೂತುಕೊಂಡೇ ಇತ್ತು.

ಬಿಡುಗಡೆ ಶುಕ್ರವಾರ ಬೆಳಿಗ್ಗೆ. ಅಕ್ಕ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ರಟ್ಟಿನ ಸವಾರನಿಗೂ ಒಂದು ಹಾರ ಹಾಕಿ, ಬಂದವರ ಕೈಗೆ ಪೇಡೆ ಕೊಟ್ಟಳಂತೆ. ಹನ್ನೊಂದಕ್ಕೆ ಮೊದಲ ಫೋನು ಬಂತು. ಕುದುರೆ ನೆಲದೊಳಗೆ ಹೋಗುತ್ತಿದೆ, ಏನು ಮಾಡಬೇಕು ಅಂದಳು. ಯಂತ್ರ ಬಂದ್ ಮಾಡಿ ಮತ್ತೆ ಹಚ್ಚು ಎಂದೆ. ಹನ್ನೆರಡಕ್ಕೆ ಎರಡನೆಯದು, ಆಡಿದ್ದೆಲ್ಲ ಅಳಿಸಿದೆ ಅಂದಳು. ತಿದ್ದುಪಡಿ ಬಂದಿದೆ, ಇಳಿಸಿಕೋ ಎಂದೆ. ಅದು ಎಷ್ಟು ದೊಡ್ಡದಿತ್ತೆಂದರೆ ಅವಳ ಅಂಗಡಿಯ ಇಂಟರ್ನೆಟ್ಟಿಗೆ ಅದನ್ನು ಇಳಿಸಿಕೊಳ್ಳಲು ಎರಡು ದಿನ ಹಿಡಿಯಿತು. ಇಳಿದ ಮೇಲೆ ಕುದುರೆ ಕುತ್ತಿಗೆಯ ಬದಲು ಮೊಣಕಾಲಿನ ತನಕ ಹೂತುಕೊಂಡಿತು. ಆ ಶುಕ್ರವಾರ ಒಂದೇ ದಿನ ನಾನು ಅವಳಿಗೆ ಹದಿನಾಲ್ಕು ಸಲ ಉಪಾಯ ಹೇಳಿದೆ. ಒಂದೂ ಕೆಲಸ ಮಾಡುವುದಿಲ್ಲವೆಂದು ಹದಿನಾಲ್ಕು ಸಲವೂ ನನಗೆ ಗೊತ್ತಿತ್ತು.

ಕಂಪನಿಯವರು ಆನ್‌ಲೈನಿನಲ್ಲಿ ಕ್ಷಮೆ ಕೇಳಿ ಒಂದು ಪತ್ರ ಹಾಕಿದರು. ನೇರವಾಗಿ ಅವರಲ್ಲಿ ಕೊಂಡವರ ಹಣ ವಾಪಸು ಬಂತು, ನನ್ನದು ನಾಲ್ಕನೆಯ ದಿನಕ್ಕೇ ಬಂತು. ಬಂಗಾರದ ಜೀನು ಇಟ್ಟುಕೊಳ್ಳಿ ಎಂದೂ ಬರೆದಿದ್ದರು. ಸಗಟು ವ್ಯಾಪಾರಿ ಮಾತ್ರ ಅಕ್ಕನಿಗೆ ಅವಳದೇ ಸಹಿ ತೋರಿಸಿ ಕೈ ಝಾಡಿಸಿದ.

ದೌಂಡದ ಗಿರಾಕಿಗಳು ಒಳ್ಳೆಯವರೇ. ಕೊಟ್ಟದ್ದು ತಿರುಗಿ ಬಂದರೆ ಸಾಕು ಅಂದರು, ಕೆಲವರು ಅದನ್ನೂ ಕೇಳಲಿಲ್ಲ. ಅಕ್ಕ ಕೇಳಬೇಕಲ್ಲ! ಎಲ್ಲರ ಡಿಸ್ಕು ತಿರುಗಿ ತೆಗೆದುಕೊಂಡು, ಅವರು ಕೊಟ್ಟ ಹಣ ತಿರುಗಿ ಕೊಟ್ಟು, ಸಂಚಕಾರವನ್ನು ಇಮ್ಮಡಿ ಮಾಡಿ ಕೈಯಲ್ಲಿಟ್ಟಳು. ನಾನು ಓಡಿಹೋಗಿ ಜಗಳವಾಡಿದೆ. ಇದು ಬೆಲ್ಲದ ಅಡತಿಯಲ್ಲ, ಈ ಕಾಲದಲ್ಲಿ ಯಾರೂ ಹೀಗೆ ಮಾಡುವುದಿಲ್ಲ, ತಪ್ಪು ನಿನ್ನದಲ್ಲ ಎಂದು ಕೂಗಾಡಿದೆ. ಅದಕ್ಕೆ ಅಕ್ಕ, ನಾನು ಬರೀ ಡಬ್ಬಿ ಕೊಟ್ಟೆ, ಮಾಲು ಕೊಡಲಿಲ್ಲ, ಅಪ್ಪನ ಮಗಳು ಅನ್ನಿಸಿಕೊಂಡು ಹೇಗೆ ಇಟ್ಟುಕೊಳ್ಳಲಿ ಎಂದು ಕೇಳಿದಳು. ಮೊದಲು ಟಿವಿಗಳು ಹೋದವು. ಆಮೇಲೆ ಕನ್ಸೋಲುಗಳು. ಕಡೆಗೆ ಅಂಗಡಿಯ ಬಾಡಿಗೆ ಕಟ್ಟಲಾಗದೆ ಬಿಟ್ಟುಕೊಟ್ಟಳು. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಅಕ್ಕ ಕೆಲಸಕ್ಕೆ ಸೇರಿದಳು. ಕುರಕುಂಭದಲ್ಲಿ, ಒಂದು ರಾಸಾಯನಿಕ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಮಾಮಾ ಹದಿನಾರು ವರ್ಷ ಹತ್ತುತ್ತಿದ್ದ ಅದೇ ಚೌಕದಲ್ಲಿ ನಿಂತು ಬಸ್ಸು ಹತ್ತುತ್ತಾಳೆ.

ಆ ದಿನಗಳಲ್ಲಿ ನಾನು ಒಂದು ನಿಘಂಟು ತೆಗೆದು ನೋಡಿದೆ. ಸಂಚಕಾರದ ಎದುರು ಎರಡೂ ಅರ್ಥ ಇದ್ದವು. ಮೂಲ ಸತ್ಯಂಕಾರ ಎಂದಿತ್ತು, ಮಾತನ್ನು ಸತ್ಯ ಮಾಡುವುದು. ಪುಸ್ತಕ ಮುಚ್ಚಿದೆ. ಹತಾಶೆ ಎಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಮಾಡಿದ ತಪ್ಪಿಗೆ ಸರಿಯಾದ ಹೆಸರೂ ಸಿಕ್ಕಿಬಿಡುತ್ತದೆ, ಅದರಿಂದ ಏನೂ ಉಪಯೋಗವಾಗುವುದಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಹೋದೆ. ರಟ್ಟಿನ ಸವಾರ ಬಚ್ಚಲಿನ ಕಿಟಕಿಗೆ ತಲೆಕೆಳಗಾಗಿ ಬಿಸಿಲು ತಡೆಯುತ್ತ ನಿಂತಿದ್ದ. ಅಕ್ಕನ ಬೆರಳುಗಳ ತುದಿ ಹಳದಿಗಟ್ಟಿ ಚರ್ಮ ಎದ್ದಿತ್ತು. ಅವಳು ಒಂದೆರಡು ಸಲ ಕೆಮ್ಮಿದಳು. ಒಳಗಿನ ಕೋಣೆಯಿಂದ ಮಾಮಾ ಕೆಮ್ಮಿದರು. ಎರಡೂ ಒಂದೇ ಥರದ ಕೆಮ್ಮು. ಕೆಲಸ ಬಿಡು, ತಿಂಗಳು ತಿಂಗಳು ನಾನು ಕೊಡುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ನನ್ನ ಮುಖ ನೋಡಿ ಅವಳಿಗೇ ಕನಿಕರವಾಯಿತು.

“ನೀ ಯಾಕ ಮನಸಿಗಿ ಹಚ್ಕೋತಿ. ನೀ ಖರೇನ ಹೇಳಿದ್ದಿ, ಭಾಳ ಸಂಚಕಾರ ಬರ್ತದಂತ. ಬಂತು. ಆಟ ಹಿಂಗ ಆಗ್ತದಂತ ನಿನಗರ ಏನ್ ಗೊತ್ತಿತ್ತು ತಮ್ಮಾ.”

ಸುಮ್ಮನಿದ್ದರೆ ಆಗುತ್ತಿತ್ತು. ಅವಳು ತಪ್ಪನ್ನು ನನ್ನ ತಲೆಯಿಂದ ಇಳಿಸಿದ್ದಳು, ಊಟಕ್ಕೆ ಏಳಬೇಕಿತ್ತು ಅಷ್ಟೇ. ಆದರೆ ಆ ಕೆಮ್ಮು ನನ್ನ ಎದೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

“ಗೊತ್ತಿತ್ತಕ್ಕಾ” ಎಂದೆ.

ಎಲ್ಲವನ್ನೂ ಹೇಳಿದೆ. ಕುದುರೆಯದು, ಸಹಿಯದು, ಬೆಂಗಳೂರಿನವನು ಹೇಳಿದ್ದು, ರೈಲಿನಲ್ಲಿ ನಾನು ಹುಡುಕಿದ ವಾಕ್ಯ, ಪೇಪರಿನ ಭಾಷೆಯಲ್ಲಿ ಆ ಶಬ್ದಕ್ಕೆ ಏನರ್ಥ ಎಂಬುದು. ಅವಳು ಅರ್ಧ ಆರಿಸಿದ ಅಕ್ಕಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

“ನಾ ನಕ್ಕಾಗ, ನನಗ ತಿಳದಿಲ್ಲಂತ ನಿನಗ ತಿಳೀತು?”

ಹೌದು ಎಂದೆ.

ಅವಳು ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ಕಪಾಟಿನ ಬಾಗಿಲು ತೆರೆದ ಸದ್ದು ಕೇಳಿತು. ಮಾಮಾ ಏನೋ ಕೇಳಿದರು, ಏನಿಲ್ಲರೀ ಅಂದಳು. ಹೊರಗೆ ಬಂದು ನನ್ನ ಬಲಗೈ ಹಿಡಿದು, ಸಣ್ಣವನಿದ್ದಾಗ ಶಾಲೆಗೆ ಹೋಗುವ ಮುಂಚೆ ಬೆರಳು ಬಿಡಿಸಿ ನೋಡುತ್ತಿದ್ದ ಹಾಗೆಯೇ ಬಿಡಿಸಿ, ನೂರರ ಎರಡು ನೋಟು, ಮೇಲೆ ಎರಡು ರೂಪಾಯಿ ಇಟ್ಟಳು. ದೌಂಡದಲ್ಲಿ ಇಮ್ಮಡಿ ಸಿಗದೆ ಉಳಿದವನು ನಾನೊಬ್ಬನೇ ಇದ್ದೆ, ಮನೆಯವನ ಜೊತೆ ಅದೆಲ್ಲ ಏಕೆಂದು ಅವಳು ಬಿಟ್ಟಿದ್ದಳು. ಬೆರಳು ಮಡಿಸಿ ಮುಷ್ಟಿ ಕಟ್ಟಿದಳು.

“ಐದರ ಗಾಡಿ ಅದ” ಅಂದಳು. ಮೊರ ತೆಗೆದುಕೊಂಡು ಉಳಿದ ಅಕ್ಕಿಯಲ್ಲಿ ಕಲ್ಲು ಆರಿಸಲು ಕುಳಿತಳು.